ಸಿನಿಮಾದಲ್ಲಿ ಇಲ್ಲದ ತಮ್ಮ

ಹೋದ ತಿಂಗಳು ಹಿರೇಕೆರೂರಿನ ಅರಿವೆ ಅಂಗಡಿಯೊಂದರಲ್ಲಿ ಅಕ್ಕನ ಜೊತೆ ಕುಳಿತಿದ್ದೆ. ಅವಳ ಬಸುರಿ ಸೊಸೆಯ ಕುಬಸದ ಕಾರ್ಯಕ್ಕೆ ಖಣ ಆರಿಸುವುದಿತ್ತು. ಅಂಗಡಿಯವನು ಮೇಲಿನ ಹಲಗೆಯಿಂದ ಒಂದು ಗಂಟು ಇಳಿಸಿ ಬಿಚ್ಚಿದ. ಮಡಿಕೆ ಮುರಿಯದ ಕುಪ್ಪಸದ ಖಣಗಳು. ಗಂಜಿಯದೂ ಹೊಸ ಬಣ್ಣದ್ದೂ ಸೇರಿದ ಒಗರು ವಾಸನೆ ಮೂಗಿಗೆ ಬಡಿಯಿತು. ನಾನು ಎದ್ದು ಹೊರಗೆ ಬಂದು ನಿಂತೆ. ಅಕ್ಕ ಹಿಂದೆಯೇ ಬಂದಳು.

"ಆ ಶ್ರಾವಣ ನೆನಪಾತೇನು?" ಎಂದಳು.

ಹೌದೆಂದೆ. ಆದರೆ ಮಾತಿಗೆ ಕುಳಿತರೆ ನಮ್ಮಿಬ್ಬರ ಶ್ರಾವಣಗಳು ಬೇರೆ ಬೇರೆ. ನನ್ನದರಲ್ಲಿ ಮಳೆ ಬಿಡುವುದೇ ಇಲ್ಲ; ಸವಣೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ಅರಿವೆ ಒಣಗದೆ ಮುಗ್ಗಲು ನಾತ. ಅವಳದರಲ್ಲಿ ಮಳೆ ಕೈಕೊಟ್ಟು ಗೋವಿನಜೋಳದ ಎಲೆ ಸುರುಳಿ ಸುತ್ತಿಕೊಂಡಿತ್ತು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅದಕ್ಕೇ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಅದು ತನಗೆ ಬೇಕಾದ ಹವಾಮಾನವನ್ನು ತಾನೇ ತಂದುಕೊಳ್ಳುತ್ತದೆ.

ಇಬ್ಬರೂ ಒಪ್ಪುವಷ್ಟನ್ನು ಮೊದಲು ಬರೆದುಬಿಡುತ್ತೇನೆ. ಆ ವರ್ಷ ಅವ್ವನಿಗೆ ಕಾಯಿಲೆಯಾಯಿತು. ದೀಪಾವಳಿಗೆ ಮುಂಚೆ ಹೋದಳು. ಆ ಮುಂಗಾರಿನ ಉದ್ದಕ್ಕೂ ಸವಣೂರಿನ ಟಾಕೀಸಿನಲ್ಲಿ ಜಾದೂಗಾರನೊಬ್ಬನ ಸಿನಿಮಾ ಓಡುತ್ತಿತ್ತು.

ನಾನಾಗ ಶಿಗ್ಗಾವಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಸವಣೂರಿನಿಂದ ದಿನವೂ ಬಸ್ಸು. ಅಪ್ಪ ಸರ್ವೆ ಇಲಾಖೆಯಿಂದ ನಿವೃತ್ತರಾಗಿ ಮನೆಯಲ್ಲಿದ್ದರು. ಅಕ್ಕ ಗಂಡನ ಮನೆಯಿಂದ ಆಗಾಗ ಬಂದು ಹೋಗುತ್ತಿದ್ದಳು. ಆಷಾಢದಲ್ಲಿ ಅವ್ವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಡಾಕ್ಟರು ನಮ್ಮಿಬ್ಬರನ್ನು ಒಳಗೆ ಕರೆದು ಹೇಳಿದರು: ಹೊಟ್ಟೆಯಲ್ಲಿ ಗಡ್ಡೆ ಇದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ, ನೋವು ತಡೆಯುವ ಔಷಧಿಯಷ್ಟೇ ಕೊಡಬಹುದು. ಅಪ್ಪ ತಲೆಯಾಡಿಸಿದರು, ಯಾರದೋ ಹೊಲದ ಗಡಿ ಎಲ್ಲಿ ಬರುತ್ತದೆಂದು ಕೇಳಿಸಿಕೊಂಡವರ ಹಾಗೆ. ಹೊರಗೆ ಬರುವಾಗ ಬಾಗಿಲಲ್ಲಿ ನನ್ನ ತೋಳು ಹಿಡಿದರು.

"ನಿಮ್ಮವ್ವಗ ಹೇಳೂದು ಬ್ಯಾಡ. ಇರೂ ತನಕಾ ನಕ್ಕೋತ ಇರಲಿ."

ಅವ್ವ ಬೆಂಚಿನ ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದಳು. "ಏನಂದ್ರು?" ಎಂದಳು.

"ಪಿತ್ತ ಹೆಚ್ಚಾಗೇದಂತ," ಎಂದರು ಅಪ್ಪ.

"ಅದಕ್ಕ ಇಷ್ಟು ದೂರ ಬರಬೇಕಾಗಿತ್ತೇನು? ನಾ ಮನ್ಯಾಗನ ಹೇಳ್ತಿದ್ದೆ," ಎಂದು ಅರ್ಧ ಹಣ್ಣು ನನ್ನ ಕೈಗೆ ಕೊಟ್ಟಳು.

ಸಿನಿಮಾ ಬಂದದ್ದು ಆ ವಾರವೋ, ಮುಂದಿನ ವಾರವೋ. ನಮ್ಮ ಊರಿನಲ್ಲಿ ಸಾಮಾನ್ಯವಾಗಿ ಯಾವ ಸಿನಿಮಾವೂ ಅಷ್ಟು ದಿನ ನಿಲ್ಲುವುದಿಲ್ಲ. ಇದು ನಿಂತದ್ದಕ್ಕೆ ಕಾರಣ, ಹಿಂದಿನ ಚಳಿಗಾಲದಲ್ಲಿ ಅದರ ಕೆಲವು ದೃಶ್ಯಗಳನ್ನು ಇಲ್ಲೇ, ನವಾಬರ ಕಾಲದ ಹಳೆಯ ಕಟ್ಟಡದ ಮುಂದೆ ತೆಗೆದಿದ್ದರು. ಊರಿನ ಎಷ್ಟೋ ಜನ ಪಟಗಾ ಸುತ್ತಿ, ಕಚ್ಚೆ ಹಾಕಿ, ಸಂಸ್ಥಾನದ ಕಾಲದ ಪ್ರಜೆಗಳಾಗಿ ನಿಂತಿದ್ದರು. ತಮ್ಮ ಬೆನ್ನು, ಮೊಣಕೈ, ತಮ್ಮ ಎಮ್ಮೆ ತೆರೆಯ ಮೇಲೆ ಬರುವ ಕ್ಷಣಕ್ಕಾಗಿ ಮತ್ತೆ ಮತ್ತೆ ಹೋದರು. ನೋಡಿ ನೋಡಿ ಕಥೆಯೂ ತಲೆಗೆ ಹತ್ತಿತು.

ಕಥೆ ಇಷ್ಟು. ರಂಗದ ಮೇಲೆ ಜಾದೂ ಮಾಡುವವನೊಬ್ಬ ಒಬ್ಬ ಹಾಡುಗಾತಿಯನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಅವಳು ವರ್ಷ ದಾಟುವುದಿಲ್ಲವೆಂದು ವೈದ್ಯ ಅವನಿಗೆ ಗುಟ್ಟಾಗಿ ಹೇಳುತ್ತಾನೆ. ಅವನು ಅವಳಿಗೆ ತಿಳಿಸುವುದಿಲ್ಲ. ಬದಲಿಗೆ ದಿನ ಬೆಳಗಾದರೆ ಒಂದು ಹೊಸ ಜಾದೂ: ಕಿವಿಯ ಹಿಂದಿನಿಂದ ಗುಲಾಬಿ, ಅಡುಗೆಯ ಗಡಿಗೆಯಿಂದ ಪಾರಿವಾಳ. ಕೊನೆಗೆ ಮಹಾರಾಜರ ಮುಂದಿನ ಆಟದಲ್ಲಿ ಅವಳನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ ಬಾಗಿಲು ಹಾಕಿ ತೆರೆಯುತ್ತಾನೆ. ಖಾಲಿ. ಇನ್ನೊಮ್ಮೆ ಹಾಕಿ ತೆರೆಯುತ್ತಾನೆ. ಆಗಲೂ ಖಾಲಿ. ಅವನ ಮುಖದಲ್ಲೇ ಬೆರಗು. ಅಲ್ಲಿಗೆ ಸಿನಿಮಾ ಮುಗಿಯುತ್ತದೆ. ಅವಳು ಸತ್ತಳೋ, ಓಡಿಹೋದಳೋ ಎಂಬುದನ್ನು ಯಾರೂ ಹೇಳುವುದಿಲ್ಲ.

ನನ್ನ ವಿದ್ಯಾರ್ಥಿಗಳು "ಸೆಕೆಂಡ್ ಹಾಫ್ ಲ್ಯಾಗ್ ಐತ್ರಿ ಸರ್" ಎಂದು ಮುಗಿಸಿದರು. ಊರಿನ ದೊಡ್ಡವರು ಹಾಗೆ ಬಿಡಲಿಲ್ಲ. ಅವರಿಗೆ ಅವಳು ಎಲ್ಲಿ ಹೋದಳೆಂಬುದಕ್ಕಿಂತ ಮೊದಲಿನ ಪ್ರಶ್ನೆಯೇ ದೊಡ್ಡದಾಗಿತ್ತು: ಅವನು ಹೇಳಬೇಕಿತ್ತೋ, ಬೇಡವಾಗಿತ್ತೋ.

ನಮ್ಮ ಮನೆಯ ಎದುರಿಗೆ ಚನಬಸಪ್ಪನವರ ಬೀಜ ಗೊಬ್ಬರದ ಅಂಗಡಿ. ಅವರು ಹತ್ತಿಮತ್ತೂರಿನವರು. ಆ ಅಂಗಡಿಯ ಕಟ್ಟೆಯ ಮೇಲೆ ವೀಳ್ಯದೆಲೆ ಮಾರುತ್ತ ಕೂರುವ ಖಾದರಸಾಬ. ಸಿನಿಮಾದ ಪಾರಿವಾಳ ಖಾದರಸಾಬನದು. ಬಸ್ಸಿಳಿದು ಮನೆಗೆ ಬರುವಾಗಲೆಲ್ಲ ಅವರಿಬ್ಬರ ವಾದ ನನ್ನ ಕಿವಿಗೆ ಬೀಳುತ್ತಿತ್ತು.

"ಹೇಳಬೇಕಿತ್ತೋ ಮಾರಾಯಾ. ಹೆಂಡ್ತಿ ಜೀವದ ಮಾತು ಗಂಡನ ಹೊಟ್ಟ್ಯಾಗ ಇಟ್ಕೊಂಡ್ರ ಅದು ಅಲ್ಲೇ ಹುಣ್ಣಾಗತೈತಿ," ಎನ್ನುವರು ಚನಬಸಪ್ಪ.

"ಹೇಳಿದ್ರ ಅಕಿ ಮರುದಿನಾನ ಹಾಸಿಗಿ ಹಿಡಿತಿದ್ಲ್ರಿ ಧಣಿ. ಹೇಳಲಿಲ್ಲಂತ ಅಷ್ಟು ದಿವಸ ಹೂವು ಮುಡಕೊಂಡು ಅಡ್ಡಾಡಿದ್ಲು."

"ನಿನ್ನ ಪಾರಿವಾಳ ಅವನ ಕೈಯಾಗೈತಿ, ಅದಕ್ಕ ಅವನ ಪಾರ್ಟಿ ನೀನು."

"ಪಾರಿವಾಳದ ಮಾತ ತಗೀಬ್ಯಾಡ್ರಿ. ಗಡಿಗ್ಯಾಗ ಹಾಕಿ ಮುಚ್ಚಿಟ್ಟಿದ್ರು ಅದನ್ನ. ಈಗ ನಮ್ಮನ್ಯಾಗ ಗಡಿಗಿ ಕಂಡ್ರ ಮಾಳಗಿ ಹತ್ತಿ ಕುಂದ್ರತೈತಿ."

ನನ್ನನ್ನು ಕಂಡರೆ ಚನಬಸಪ್ಪ ಕರೆಯುವರು. "ಬರ್ರಿ ಸರ, ಕುಂಡ್ರ್ರಿ. ನೀವರ ಹೇಳ್ರಿ, ಹೇಳಬೇಕಿತ್ತೋ ಇಲ್ಲೋ?"

ಅವರಿಗೆ ನಮ್ಮ ಮನೆಯ ಸುದ್ದಿ ಗೊತ್ತಿರಲಿಲ್ಲ. ನಾನು ಇನ್ನೂ ಸಿನಿಮಾ ನೋಡಿಲ್ಲವೆಂದು ಹೇಳಿ ದಾಟಿಕೊಳ್ಳುತ್ತಿದ್ದೆ. ನೋಡಿದ್ದೆ. ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ಮಠದ ಪಂಕ್ತಿಯಲ್ಲಿ ಯಾರು ಆ ಮಾತೆತ್ತಿದರೂ ನಮ್ಮ ಮನೆಯ ತೀರ್ಪನ್ನೇ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ಸಂಜೆ ತೂಗುಮಣೆಯ ಮೇಲಿದ್ದ ಅಪ್ಪನಿಗೆ ಹೇಳಿದೆ: ಅವ್ವನಿಗೆ ತಿಳಿಸೋಣ, ಅವಳಿಗೂ ಏನಾದರೂ ಮಾಡುವುದಿರಬಹುದು, ಯಾರಿಗಾದರೂ ಏನಾದರೂ ಹೇಳುವುದಿರಬಹುದು.

"ಹೇಳಿದ್ರ ಗಡ್ಡಿ ಕರಗತದೇನು?" ಎಂದರು ಅಪ್ಪ. ಮಣೆಯನ್ನು ಕಾಲಿನಿಂದ ಜೋರಾಗಿ ಒತ್ತಿದರು.

ಹಾಗೆಂದವರು ಅವರೇ ಹಾನಗಲ್ಲಿನ ಅತ್ಯಾಗೆ, ಅಂದರೆ ತಮ್ಮ ತಂಗಿಗೆ, ಫೋನಿನಲ್ಲಿ ಎಲ್ಲ ಹೇಳಿದ್ದರು. ಯಾರಿಗೂ ಹೇಳಬೇಡ ಎಂದೂ ಹೇಳಿದ್ದರು. ನಮ್ಮ ಬಳಗದಲ್ಲಿ ಸುದ್ದಿ ಹರಡಲು ಅದಕ್ಕಿಂತ ಬೇರೆ ದಾರಿ ಬೇಕಿಲ್ಲ.

ಶ್ರಾವಣ ಹತ್ತಿತು, ನೆಂಟರು ಬರತೊಡಗಿದರು. ಮೊದಲು ಅತ್ಯಾ. ಆಮೇಲೆ ಅವಳ ಸೊಸೆ. ಅಪ್ಪನ ಸೋದರಸಂಬಂಧದ ಹೆಂಗಸರು ಜೋಡಿ ಜೋಡಿಯಾಗಿ. ಎಲ್ಲರೂ "ಇಲ್ಲೇ ಬಂದಿದ್ವಿ, ನೋಡಿ ಹೋಗೋಣಂತ" ಎನ್ನುತ್ತ ಬಂದರು. ಒಂದು ತಾಸು ಕುಳಿತು ಮಳೆಯ ಬಗ್ಗೆ, ತೊಗರಿಬೇಳೆಯ ಬಗ್ಗೆ ಮಾತಾಡಿದರು. ಹೊರಡುವ ಮುಂಚೆ ಅವ್ವನನ್ನು ಮಣೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮ ಹಚ್ಚಿ, ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಿದರು. ಕೆಲವರು ಅವಳ ಕಾಲಿಗೆ ಬಿದ್ದರು. ಮುತ್ತೈದೆಯಾಗಿ ಹೋಗುವವಳ ಆಶೀರ್ವಾದ ದೊಡ್ಡದು ಎಂಬುದು ಅವರ ಎಣಿಕೆ. ಅತ್ಯಾ ಅವ್ವನಿಗಿಂತ ಹಿರಿಯಳು. ಅವಳೂ ಬಾಗಿದಳು.

ಒಂದು ಮಧ್ಯಾಹ್ನ ಅವ್ವ ನಡುಮನೆಯಲ್ಲಿ ಟ್ರಂಕು ತೆರೆದು ಕುಳಿತು ಖಣಗಳನ್ನು ಜೋಡಿಸುತ್ತಿದ್ದಳು. ಹಸಿರು, ಕುಂಕುಮದ ಬಣ್ಣ, ನೇರಳೆ. ಕೋಣೆಯ ತುಂಬ ಗಂಜಿಯ ವಾಸನೆ. ಅಪ್ಪ ಮಠಕ್ಕೆ ಹೋಗಿದ್ದರು.

"ಇಲ್ಲೆ ಕೂಡು," ಎಂದಳು. ಕುಳಿತೆ.

"ನಮ್ಮ ಮನಿಗೆ ಯಾರರ ಬಂದ್ರ ಯಾರು ಯಾರಿಗೆ ಉಡಿ ತುಂಬಬೇಕು?"

"ಬಂದವರಿಗೆ ಮನಿಯಾಕಿ ತುಂಬಬೇಕು."

"ಮತ್ತ ಇವರೆಲ್ಲಾ ನನಗ್ಯಾಕ ತುಂಬಲಿಕ್ಹತ್ಯಾರ? ಈ ವಯಸ್ಸಿನ್ಯಾಗ ನಾ ಬಸರಂತೂ ಆಗಿಲ್ಲ."

ನಾನು ನಗಲು ಹೋದೆ. ಆಗಲಿಲ್ಲ. ಅವ್ವ ಒಂದು ಖಣವನ್ನು ಮಡಿಕೆಯ ಮೇಲೆ ಮಡಿಕೆ ಕೂರಿಸಿ ಅಂಗೈಯಿಂದ ಒತ್ತಿದಳು.

"ಪಿತ್ತಕ್ಕ ಯಾರೂ ಕಾಲು ಬೀಳೂದಿಲ್ಲೋ. ಎಷ್ಟು ದಿವಸ ಅಂದಾರ?"

ಹೇಳಿದೆ. ಹೇಳಿದ್ದು ಯಾವ ಶಬ್ದಗಳಲ್ಲಿ ಎಂದು ನೆನಪಿಲ್ಲ. ಅವಳು ಅಳಲಿಲ್ಲ. ಟ್ರಂಕಿನ ಮುಚ್ಚಳ ಹಾಕಿ, ಏಳಲು ನನ್ನ ಭುಜ ಹಿಡಿದಳು.

"ನಿಮ್ಮಪ್ಪಗ ನನಗ ಗೊತ್ತಾಗೇದಂತ ಹೇಳಬ್ಯಾಡ. ಅವರಿಗೆ ತಡಕೊಳ್ಳಿಕ್ಕೆ ಆಗಂಗಿಲ್ಲ. ಇಷ್ಟು ವರ್ಷದಾಗ ಮೊದಲನೇ ಸಲ ನನ್ನಿಂದ ಏನೋ ಒಂದು ಮುಚ್ಚಿಟ್ಟು ಸಂಭಾಳಿಸಲಿಕ್ಹತ್ಯಾರ."

ಹೀಗೆ ಅಪ್ಪನ ಗುಟ್ಟು ಅವ್ವನಿಂದ, ಅವ್ವನ ಗುಟ್ಟು ಅಪ್ಪನಿಂದ. ಎರಡೂ ನನ್ನ ಬಳಿ. ಊಟಕ್ಕೆ ಕುಳಿತಾಗ ಇಬ್ಬರೂ ಒಬ್ಬರ ಎಲೆಯನ್ನೊಬ್ಬರು ಕಳ್ಳಗಣ್ಣಿನಿಂದ ನೋಡುತ್ತಿದ್ದರು. ಅವಳು ಎಷ್ಟು ಉಂಡಳೆಂದು ಅವರು. ಅವರು ನೋಡಿದರೋ ಇಲ್ಲವೋ ಎಂದು ಅವಳು.

ಅವ್ವನಿಗೆ ಬೇಕಾದದ್ದು ಒಂದಿತ್ತು. ಅದು ನನಗೆ ಗೊತ್ತಿರಬೇಕಾಗಿತ್ತು. ಅವಳಿಗೆ ಒಬ್ಬನೇ ತಮ್ಮ, ವೆಂಕಣ್ಣಮಾಮ. ತಡಸದಲ್ಲಿ ಹೆದ್ದಾರಿಯ ಬದಿಗೆ ಹೋಟೆಲು ಇಟ್ಟಿದ್ದ. ಒಕ್ಕಲು ಮನೆತನದ ಹುಡುಗಿ ಶಿವಲೀಲಾಳನ್ನು ತನ್ನಿಚ್ಛೆಯಿಂದ ಮದುವೆಯಾಗಿದ್ದ. ಮದುವೆಗೆ ಅಪ್ಪ ಮುನಿಸಿಕೊಂಡದ್ದು ನಿಜ, ಆದರೆ ಅದು ಕರಗುತ್ತಿತ್ತು. ಆಮೇಲೆ ಅವನ ಹೋಟೆಲಿನ ಮುಂದೆ ಎಗ್‌ರೈಸ್ ಎಂದು ಬೋರ್ಡು ಬಂತು. ಅಪ್ಪನಿಗೆ ಮದುವೆಗಿಂತ ಮೊಟ್ಟೆ ದೊಡ್ಡ ಅಪರಾಧ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ಆ ಶ್ರಾವಣ ಇಡೀ ಬಳಗ ಬಂದು ಹೋಯಿತು. ಎಲ್ಲರೂ ಅಪ್ಪನ ಕಡೆಯವರು. ಅವ್ವನ ಕಡೆ ಇದ್ದವನು ಅವನೊಬ್ಬ. ಅವನಿಗೆ ಯಾರೂ ಹೇಳಿರಲಿಲ್ಲ. ಅವಳು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಕೇಳಿದರೆ, ಯಾಕೆ ಈಗ, ಎಂಬ ಪ್ರಶ್ನೆ ಬರುತ್ತಿತ್ತು. ಅದರ ಹಿಂದೆ ಎರಡೂ ಗುಟ್ಟು.

ಬದಲಿಗೆ ಅವಳು ಸಿನಿಮಾ ಕೇಳಿದಳು.

"ಆ ಸಿನಿಮಾ ಬ್ಯಾಡ. ಭಾಳ ರದ್ದಿ ಅದ ಅಂತ," ಎಂದರು ಅಪ್ಪ, ಗಾಬರಿಯಾಗಿ.

"ಊರೆಲ್ಲಾ ನೋಡ್ಯದ. ನಾ ಒಬ್ಬಾಕಿ ಯಾಕ ಉಳೀಲಿ?"

ಮ್ಯಾಟಿನಿಗೆ ನಾನೇ ಕರೆದುಕೊಂಡು ಹೋದೆ. ನನಗೆ ತೆರೆ ನೆನಪಿಲ್ಲ, ತೆರೆಯ ಬೆಳಕು ಬಿದ್ದ ಅವಳ ಕೆನ್ನೆ ನೆನಪಿದೆ. ಡಾಕ್ಟರು ಬೇಡವೆಂದಿದ್ದ ಖಾರಾದ ಪೊಟ್ಟಣ ಕೊಡಿಸಿಕೊಂಡು ಪೂರ್ತಿ ತಿಂದಳು. ಪಾರಿವಾಳ ಗಡಿಗೆಯಿಂದ ಹಾರಿದಾಗ "ನೋಡು, ಖಾದರಸಾಬನ ಪೈಕಿ" ಎಂದು ಗಟ್ಟಿಯಾಗಿ ಹೇಳಿ ಮುಂದಿನ ಸಾಲಿನವರು ತಿರುಗಿ ನೋಡುವಂತೆ ಮಾಡಿದಳು. ಖಾಲಿ ಪೆಟ್ಟಿಗೆಯ ದೃಶ್ಯ ಬಂದಾಗ ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದಳು. ಅಕ್ಕ ಹೇಳುತ್ತಾಳೆ, ಅವ್ವ ಆಗ ಅಳುತ್ತಿದ್ದಳಂತೆ. ಅಕ್ಕ ಅಂದು ಟಾಕೀಸಿನಲ್ಲಿ ಇರಲೇ ಇಲ್ಲ.

ಮನೆಗೆ ಬಂದು ಅವ್ವ ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳಲು ಕುಳಿತಳು. ಒಳಗೆ ಅಪ್ಪನ ತೂಗುಮಣೆ ಕಿರ್ ಕಿರ್ ಎನ್ನುತ್ತಿತ್ತು. ಎದುರು ಅಂಗಡಿಯಿಂದ ಚನಬಸಪ್ಪ ಎದ್ದು ಬಂದರು, ಹಿಂದೆ ಖಾದರಸಾಬ.

"ಅವ್ವಾರು ಸಿನಿಮಾ ನೋಡಿ ಬಂದ್ರೇನ್ರಿ? ನೀವ ಫೈಸಲಾ ಮಾಡ್ರಿ ಇನ್ನ. ಅಂವ ಹೇಳಬೇಕಿತ್ತೋ, ಬ್ಯಾಡಾಗಿತ್ತೋ?"

ನಾನು ಚನಬಸಪ್ಪನವರಿಗೆ ಕಣ್ಸನ್ನೆ ಮಾಡಿದೆ. ಅವರು ಅದನ್ನು ನೋಡಲಿಲ್ಲ.

ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಹೇಳೂದು ಇರಲಿ ಚನಬಸಪ್ಪಾರ. ಅಕಿಗೆ ಮೊದಲ ಗೊತ್ತಿತ್ತು."

"ಹಂಗ ಎಲ್ಲಿ ತೋರಿಸ್ಯಾರ್ರಿ?"

"ಗಂಡ ದಿನಾ ಮುಂಜಾನೆದ್ದು ಹೂವು ಕೊಡಲಿಕ್ಕೆ ಶುರು ಮಾಡಿದ್ರ ಯಾವ ಹೆಂಡ್ತಿಗೆ ಗೊತ್ತಾಗೂದಿಲ್ಲ ಹೇಳ್ರಿ."

ಖಾದರಸಾಬ ನಕ್ಕ. ಒಳಗೆ ತೂಗುಮಣೆಯ ಸದ್ದು ನಿಂತಿತು.

"ಅಂವ ಹೇಳಲಿಲ್ಲ ಅಂತ ನನಗ ಸಿಟ್ಟಿಲ್ಲ," ಎಂದಳು ಅವ್ವ, ಸ್ವಲ್ಪ ದನಿ ಏರಿಸಿ. "ಆದ್ರ ಕೇಳಬೇಕಿತ್ತು. ಗುಲಾಬಿ ತಗದ, ಪಾರಿವಾಳ ತಗದ, ರೇಶಿಮಿ ಅರಿವಿ ತಗದ. ನಿನಗೇನು ಬೇಕು ಅಂತ ಒಮ್ಮೆರ ಕೇಳಿದ್ನೇನು?"

"ಏನು ಬೇಕಾಗಿತ್ರಿ ಅಕಿಗೆ?"

"ಅಕಿಗೊಬ್ಬ ತಮ್ಮ ಇದ್ದ."

ಚನಬಸಪ್ಪ ಹುಬ್ಬು ಗಂಟಿಕ್ಕಿದರು. "ತಮ್ಮನ ಪಾರ್ಟು ಎಲ್ಲಿತ್ರಿ ಅವ್ವಾರ? ನಾ ಮೂರ್ನಾಕು ಸಲ ನೋಡೇನಿ."

"ಇದ್ದ. ತೋರಿಸಿಲ್ಲ, ಅಷ್ಟ. ತೋರಿಸಿದ್ರ ಅಕಿ ಪೆಟ್ಟಿಗ್ಯಾಗ ಇಳೀತಿದ್ದಿಲ್ಲ."

ಚನಬಸಪ್ಪನವರಿಗೆ ಏನೋ ಹೊಳೆದಿರಬೇಕು. "ಮಳಿ ಬರೂಹಂಗೈತಿ, ಗೊಬ್ಬರದ ಚೀಲ ಒಳಗ ಇಡಬೇಕು" ಎಂದು ತಿರುಗಿ ನಡೆದರು. ಅವ್ವ ನನ್ನ ಕೈ ಹಿಡಿದು ಒಳಗೆ ಬಂದಳು. ತೂಗುಮಣೆಯ ಮೇಲೆ ಅಪ್ಪ ಇರಲಿಲ್ಲ. ಹಿತ್ತಲಿನ ಬಾವಿಯ ಬಳಿ ನಿಂತು, ಬೇಡದಿದ್ದರೂ ನೀರು ಸೇದುತ್ತಿದ್ದರು.

ಮರುದಿನ ಅಂಗಡಿಯ ಕಟ್ಟೆಯಲ್ಲಿ ಖಾದರಸಾಬ ಯಾರಿಗೋ ಹೇಳುತ್ತಿದ್ದ: "ತಮ್ಮಂದು ಒಂದು ಸೀನ್ ಇತ್ರಿ. ಶೂಟಿಂಗ್‌ನ್ಯಾಗ ನಾನ ನೋಡೇನಿ, ನೀಲಿ ಅಂಗಿ. ಆಮ್ಯಾಲೆ ಕತ್ತರಿಸ್ಯಾರ." ವಾರ ಕಳೆಯುವುದರೊಳಗೆ ಶಿಗ್ಗಾವಿಯ ಬಸ್ಸಿನಲ್ಲೂ ಆ ಮಾತು ಕೇಳಿದೆ, ಅಷ್ಟರಲ್ಲಿ ತಮ್ಮನಿಗೆ ಒಂದು ಹಾಡೂ ಇತ್ತು. ಈಚೆಗೆ ಅದೇ ಸಿನಿಮಾವನ್ನು ಫೋನಿನಲ್ಲಿ ಹಾಕಿಕೊಂಡು ನೋಡಿದೆ. ತಮ್ಮ ಎಲ್ಲೂ ಇಲ್ಲವೆಂದು ಗೊತ್ತಿದ್ದೂ ನೀಲಿ ಅಂಗಿಗಾಗಿ ಗುಂಪಿನ ದೃಶ್ಯಗಳಲ್ಲಿ ಹುಡುಕಿದೆ. ಎಲ್ಲೂ ಕಾಣದ ಆ ತಮ್ಮನ ಮುಖ ನನಗೆ ಚೆನ್ನಾಗಿ ನೆನಪಿದೆ. ಹೀಗಿರುವಾಗ ಅವ್ವನ ಬಗ್ಗೆ ನನಗೆ ನೆನಪಿರುವುದರಲ್ಲಿ ಎಷ್ಟನ್ನು ನಂಬಲಿ?

ಆ ವಾರವೇ ಅಪ್ಪ ಯಾರಿಗೂ ಹೇಳದೆ ಬೆಳಗಿನ ಬಸ್ಸಿಗೆ ಹೊರಟುಹೋದರು. ಮಠಕ್ಕೆ ಹೋಗಿರಬೇಕೆಂದುಕೊಂಡೆವು. ಅವರು ಹೋದದ್ದು ತಡಸಕ್ಕೆ. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ವೆಂಕಣ್ಣಮಾಮ ಆಮೇಲೆ ಹೇಳಿದ್ದಷ್ಟು. ಅಪ್ಪ ಹೋಟೆಲಿನೊಳಗೆ ಬಂದು, ಮೊಟ್ಟೆಯ ಟ್ರೇಗಳು ಪೇರಿಸಿದ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತರಂತೆ. ಛತ್ರಿ ಮಡಚಿ ಕಾಲಿನ ನಡುವೆ ಇಟ್ಟುಕೊಂಡರಂತೆ. ಮಾಮ ಹಣದ ಗಲ್ಲೆಯ ಹಿಂದಿನಿಂದ ಎದ್ದು ನಿಂತವನು ಹತ್ತಿರ ಬರಲು ಹೆದರಿದ. ಶಿವಲೀಲಾಳೇ ಬಂದು "ಏನ ಕೊಡ್ಲಿರಿ?" ಎಂದಳಂತೆ, ಇವರು ಯಾರೆಂದು ತಿಳಿಯದೆ.

"ಚಹಾ ಕೊಡವಾ," ಎಂದರಂತೆ ಅಪ್ಪ.

ನನಗೆ ತಿಳಿವಳಿಕೆ ಬಂದಾಗಿನಿಂದ ಅಪ್ಪ ಹೊರಗೆ ನೀರು ಕೂಡ ಕುಡಿದವರಲ್ಲ. ಆ ಚಹಾವನ್ನು ಪೂರ್ತಿ ಕುಡಿದು, ಬಟ್ಟಲನ್ನು ಕೆಳಗಿಟ್ಟು, ಆಮೇಲೆ ಮಾಮನತ್ತ ನೋಡಿ "ನಿಮ್ಮಕ್ಕಗ ಆರಾಮಿಲ್ಲ ವೆಂಕಣ್ಣ. ಇನ್ನ ಆರಾಮಾಗೂದೂ ಇಲ್ಲ. ನೀ ಬರಬೇಕು" ಎಂದರಂತೆ.

ಮರುದಿನ ಮಾಮ ತನ್ನ ಹಳೆಯ ವ್ಯಾನು ತಂದ. ಶಿವಲೀಲಾಮಾಮಿಯೂ ಬಂದಿದ್ದಳು. ಅವ್ವ ಅಡುಗೆಮನೆಯಿಂದ ಹೊರಬಂದವಳು ಅವನನ್ನು ಕಂಡು ಕೂಗಲಿಲ್ಲ, ಓಡಲಿಲ್ಲ. "ತಲಿ ಪೂರಾ ಬೆಳ್ಳಗಾಗೇದಲ್ಲೋ" ಎಂದಳು. ಅವನ ತಲೆಯನ್ನು ಬಗ್ಗಿಸಿ ಕೂದಲಿನೊಳಗೆ ಬೆರಳಾಡಿಸಿ ನೋಡಿದಳು, ಸಣ್ಣವನಿದ್ದಾಗ ಹೇನು ನೋಡುತ್ತಿದ್ದ ಹಾಗೆ. ಅವನು ಬಗ್ಗಿದವನು ಹಾಗೇ ಇದ್ದ.

ಮಧ್ಯಾಹ್ನ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಂಡರು. ಯಾರೂ ಕಾಯಿಲೆಯ ಮಾತೆತ್ತಲಿಲ್ಲ. ಮಾಮ ಸಿನಿಮಾದ ಮಾತೆತ್ತಿದ, ಬೇರೇನೂ ತೋಚದೆ.

"ಅಕ್ಕಾ, ಅಕಿ ಪೆಟ್ಟಿಗ್ಯಾಗಿಂದ ಎಲ್ಲಿ ಹೋದ್ಲು ಅಂತಿ? ನಮ್ಮ ಹೋಟೆಲ್‌ನ್ಯಾಗ ದಿನಾ ಇದ ಜಗಳ."

"ನೀ ಏನಂತಿ?"

"ತವರಿಗೆ ಹೋಗಿರಬೇಕು. ಇನ್ನೆಲ್ಲಿ ಹೋಗ್ತಾಳ?"

ಇಡೀ ಊರಿನಲ್ಲಿ ಯಾರಿಗೂ ಹೊಳೆಯದ ಉತ್ತರ ಅದು. ಅವ್ವ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟು ಅಪ್ಪನನ್ನು ನೋಡಿದಳು. ನಮ್ಮಲ್ಲಿ ಕಾಯಿಲೆಯಾದ ಮುತ್ತೈದೆಯನ್ನು ಗಂಡನ ಮನೆಯ ಹೊಸ್ತಿಲು ದಾಟಿಸುವುದಿಲ್ಲ. ಅವಳ ಜೀವ ಬೇರೆ ಕಡೆ ಹೋದರೆ ಎಂಬ ಭಯ. ಹಾನಗಲ್ಲಿನ ಅತ್ಯಾ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಅಪ್ಪ ಮಜ್ಜಿಗೆಯನ್ನು ಪೂರ್ತಿ ಸುರಿದುಕೊಂಡರು.

"ಔಷಧಿ ಮರೀಬ್ಯಾಡ," ಎಂದರು ಆಮೇಲೆ.

ಸಂಜೆ ಬೆಳಕಿರುವಾಗಲೇ ತಡಸಕ್ಕೆ ಹೊರಟೆವು. ಕೆಲವು ದಿನ ಇದ್ದು ಗಣಪತಿ ಹಬ್ಬಕ್ಕೆ ಬರುವುದೆಂದಾಯಿತು. ಹಾಗೆಯೇ ಬಂದಳು ಕೂಡ. ಆದರೆ ಅಂದು ಅದು ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ಬಿಟ್ಟು ಬರಲು ನಾನು ಮೊದಲೇ ವ್ಯಾನು ಹತ್ತಿ ಕುಳಿತಿದ್ದೆ. ಚನಬಸಪ್ಪ, ಖಾದರಸಾಬ ಅಂಗಡಿಯ ಮುಂದೆ ಎದ್ದು ನಿಂತಿದ್ದರು. ಅಪ್ಪ ಅವ್ವನ ಚೀಲವನ್ನು ತಾವೇ ತಂದು ಒಳಗಿಟ್ಟರು. ಆಮೇಲೆ ಬಾಗಿಲ ಹಿಡಿಕೆ ಹಿಡಿದು ನಿಂತರು. ಹಿಡಿಕೆ ಬಿಡಲಿಲ್ಲ.

"ಹೋಗಿ ಬರ್ತೇನಿ," ಎಂದಳು ಅವ್ವ.

ಅಪ್ಪ ಸುತ್ತ ನಿಂತವರನ್ನು ಮರೆತವರಂತೆ ಅವಳ ಮುಖವನ್ನೇ ನೋಡಿದರು. "ನಿನಗ ಮತ್ತೇನರ ಬೇಕಾಗೇದೇನು?" ಎಂದರು.

ಮಳೆ ಬರುತ್ತಿತ್ತು. ಅಕ್ಕನನ್ನು ಕೇಳಿದರೆ ಇರಲಿಲ್ಲ ಎನ್ನುತ್ತಾಳೆ. ಅವ್ವ ಉತ್ತರಕ್ಕೆ ಅವಸರ ಮಾಡಲಿಲ್ಲ. ಯಾರೋ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿರುವಾಗ ಆರಿಸುವವಳ ಹಾಗೆ ಯೋಚಿಸಿದಳು.

"ಕಿಟಕಿ ಕಡೆ ಕೂಡತೇನಿ," ಎಂದಳು.

ನಾನು ಎದ್ದು ಜಾಗ ಬಿಟ್ಟೆ.